ವೆಬ್ ಆ್ಯಪ್‌ಗಳಲ್ಲಿ ಸಂದರ್ಶಕರ ಐಪಿ ವಿಳಾಸ: ಜುರಾಂಗ್ ಈಸ್ಟ್‌ನಿಂದ ಒಂದು ನೋಟ

ಸಂದರ್ಶಕರ ಐಪಿ ವಿಳಾಸ ಪಡೆಯುವುದೆಂದರೆ, ವೆಬ್ ಆ್ಯಪ್‌ಗೆ ಬಂದ ಕೋರಿಕೆ ಇಂಟರ್‌ನೆಟ್‌ನ ಯಾವ ವಿಳಾಸದಿಂದ ಬಂತೆಂದು ಸರ್ವರ್ ಬದಿಯಲ್ಲಿ ಗುರುತಿಸುವ ಕೆಲಸ. ಪಾಸ್‌ವರ್ಡ್ ಊಹಿಸುತ್ತ ಕೂತವನನ್ನು ತಡೆಯುವುದು, ಯಾವ ದೇಶದವರಿಗೆ ಯಾವ ಬೆಲೆ ತೋರಿಸಬೇಕೆಂದು ತೀರ್ಮಾನಿಸುವುದು, ಒಬ್ಬನೇ ಹತ್ತು ಸಲ ಮತ ಹಾಕದಂತೆ ನೋಡಿಕೊಳ್ಳುವುದು, ಪೊಲೀಸರು ಕೇಳಿದಾಗ ದಾಖಲೆ ಒದಗಿಸುವುದು, ಇಷ್ಟೂ ಈ ಒಂದು ಸಂಖ್ಯೆಯ ಮೇಲೆ ನಿಂತಿವೆ. ಕೋಡ್‌ನಲ್ಲಿ ಇದು ಒಂದು ಸಾಲಿನ ಕೆಲಸ. ಆ ಸಾಲು ಕೊಡುವ ಉತ್ತರದ ಅರ್ಥವೇನು ಎಂಬಲ್ಲಿ ಮಾತ್ರ ನುರಿತವರೂ ಎಡವುತ್ತಾರೆ. ಸರ್ವರ್‌ಗೆ ಸ್ವತಃ ಗೊತ್ತಿರುವುದು ತನ್ನ ಬಾಗಿಲು ತಟ್ಟಿದ ಕೊನೆಯ ಯಂತ್ರದ ವಿಳಾಸ ಒಂದೇ. ಅದರ ಹಿಂದಿನದೆಲ್ಲ ಇನ್ನೊಬ್ಬರ ಬಾಯಿಂದ ಕೇಳಿದ್ದು.

ಸಿಂಗಪುರದ ಪಶ್ಚಿಮ ಭಾಗದ ಜುರಾಂಗ್ ಈಸ್ಟ್ ಈ ವಿಷಯವನ್ನು ನೋಡಲು ಅನುಕೂಲವಾದ ಜಾಗ. ಎಚ್‌ಡಿಬಿ ವಸತಿ ಕಟ್ಟಡಗಳು, 1988ರ ನವೆಂಬರ್‌ನಲ್ಲಿ ತೆರೆದ ಎಂಆರ್‌ಟಿ ನಿಲ್ದಾಣ, ಅದರ ಸುತ್ತ ಜೆಮ್, ವೆಸ್ಟ್‌ಗೇಟ್, ಐಎಂಎಂ ಮಾಲ್‌ಗಳು, ಪ್ರಾದೇಶಿಕ ಗ್ರಂಥಾಲಯ, 1977ರಿಂದ ಇರುವ ವಿಜ್ಞಾನ ಕೇಂದ್ರ: ಇಷ್ಟು ಸಂದರ್ಶಕರ ಬದಿ. ಅಲ್ಲಿಂದ ಸ್ವಲ್ಪ ದೂರದ ಇಂಟರ್‌ನ್ಯಾಷನಲ್ ಬಿಸಿನೆಸ್ ಪಾರ್ಕ್‌ನಲ್ಲಿ ಸರ್ವರ್ ಬದಿ. ಸೌಂಡ್ ಬ್ಲಾಸ್ಟರ್ ಕಾರ್ಡ್‌ನಿಂದ ಹೆಸರಾದ ಕ್ರಿಯೇಟಿವ್ ಟೆಕ್ನಾಲಜಿ ನೆಲೆ ಮಾಡಿಕೊಂಡದ್ದು ಇದೇ ಪಾರ್ಕ್‌ನಲ್ಲಿ. ಡಿಜಿಟಲ್ ರಿಯಾಲ್ಟಿ ಕಂಪನಿಯ ದೊಡ್ಡ ಡೇಟಾ ಸೆಂಟರ್ ಇರುವುದೂ ಇಲ್ಲೇ. ಹಾಗಾಗಿ ಒಂದೇ ಬಡಾವಣೆಯ ಆಸುಪಾಸಿನಲ್ಲಿ ಕೋರಿಕೆ ಕಳಿಸುವವರೂ ಇದ್ದಾರೆ, ಅದನ್ನು ಪಡೆಯುವ ಯಂತ್ರಗಳೂ ಇವೆ. ಕರ್ನಾಟಕದ ಓದುಗರಿಗೆ ಇದು ದೂರದ ಊರೇನಲ್ಲ. ಅಮೆಜಾನ್ ತನ್ನ ಕ್ಲೌಡ್ ಸೇವೆಯನ್ನು ಸಿಂಗಪುರದಲ್ಲಿ ತೆರೆದದ್ದು 2010ರ ಏಪ್ರಿಲ್‌ನಲ್ಲಿ, ಮುಂಬೈಯಲ್ಲಿ 2016ರ ಜೂನ್‌ನಲ್ಲಿ. ನಡುವಿನ ಆರು ವರ್ಷ ಆ ಸೇವೆಯನ್ನು ನೆಚ್ಚಿದ ಬೆಂಗಳೂರಿನ ಸ್ಟಾರ್ಟಪ್‌ಗಳಿಗೆ ಹತ್ತಿರದ ಮನೆ ಸಿಂಗಪುರವೇ ಆಗಿತ್ತು. ಕೋರಮಂಗಲದಲ್ಲಿ ಕೂತು ಬರೆದ ಆ್ಯಪ್ ಸಿಂಗಪುರದಲ್ಲಿ ಓಡುತ್ತಿತ್ತು. ಹುಬ್ಬಳ್ಳಿಯ ಸಂದರ್ಶಕನ ಕೋರಿಕೆ ಸಮುದ್ರದಡಿಯ ಕೇಬಲ್ ಹಿಡಿದು ಅಲ್ಲಿಗೆ ಹೋಗಿ ಬರುತ್ತಿತ್ತು.

ಸರ್ವರ್‌ಗೆ ವಿಳಾಸ ತಿಳಿಯುವ ಬಗೆ

ಬ್ರೌಸರ್ ತನ್ನ ವಿಳಾಸವನ್ನು ಎಲ್ಲೂ ಬರೆದು ಕಳಿಸುವುದಿಲ್ಲ. ಎಚ್‌ಟಿಟಿಪಿ ಕೋರಿಕೆಯಲ್ಲಿ ಅದಕ್ಕೊಂದು ಜಾಗವೇ ಇಲ್ಲ. ವಿಳಾಸ ಗೊತ್ತಾಗುವುದು ಅದಕ್ಕಿಂತ ಕೆಳಗಿನ ಪದರದಲ್ಲಿ. ಟಿಸಿಪಿ ಸಂಪರ್ಕ ಏರ್ಪಡಬೇಕಾದರೆ ಮೊದಲು ಎರಡೂ ಬದಿಗಳ ನಡುವೆ ಮೂರು ಪ್ಯಾಕೆಟ್‌ಗಳ ವಿನಿಮಯ ಆಗಬೇಕು. ಸುಳ್ಳು ವಿಳಾಸ ಹಾಕಿ ಕಳಿಸಿದವನಿಗೆ ಸರ್ವರ್‌ನ ಮರುಪ್ಯಾಕೆಟ್ ತಲುಪುವುದಿಲ್ಲ, ಸಂಪರ್ಕವೂ ಪೂರ್ಣವಾಗುವುದಿಲ್ಲ. ಈ ಕಾರಣದಿಂದ ನೇರ ಸಂಪರ್ಕದ ಇನ್ನೊಂದು ತುದಿಯ ವಿಳಾಸ ಬಹುಮಟ್ಟಿಗೆ ನಂಬಿಕೆಗೆ ಅರ್ಹ. ಹೊಸ ಎಚ್‌ಟಿಟಿಪಿ-3 ಟಿಸಿಪಿಯನ್ನು ಬಿಟ್ಟು ಯುಡಿಪಿಯ ಮೇಲೆ ನಡೆಯುತ್ತದೆ. ಅದರ ತಳಹದಿಯಾದ, 2021ರಲ್ಲಿ ಪ್ರಮಾಣಿತವಾದ ಕ್ವಿಕ್ ಶಿಷ್ಟಾಚಾರದಲ್ಲಿ ವಿಳಾಸ ಪರೀಕ್ಷೆಯನ್ನು ಬೇರೆಯಾಗಿಯೇ ಸೇರಿಸಿದ್ದಾರೆ.

ಈ ವಿಳಾಸವನ್ನು ಪ್ರೋಗ್ರಾಂ ಕೈಗೆ ದಾಟಿಸುವ ಪದ್ಧತಿ 1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆ ರೂಪಿಸಿದ ಸಿಜಿಐ ವ್ಯವಸ್ಥೆಯಿಂದ ಬಂದದ್ದು. ಅಲ್ಲಿ ಇಟ್ಟ 'ರಿಮೋಟ್ ಅಡ್ರ್' ಎಂಬ ಚರದ ಹೆಸರನ್ನು ಪಿಎಚ್‌ಪಿ ಇಂದಿಗೂ ಹಾಗೆಯೇ ಉಳಿಸಿಕೊಂಡಿದೆ. ಜಾವಾ ಸರ್ವ್‌ಲೆಟ್, ಪೈಥಾನ್‌ನ ಫ್ಲಾಸ್ಕ್, ನೋಡ್‌ನ ಸಾಕೆಟ್, ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್‌ನೆಟ್ ಎಲ್ಲದರಲ್ಲೂ ಅದೇ ಹೆಸರು ಅಲ್ಪಸ್ವಲ್ಪ ವೇಷ ಬದಲಿಸಿ ಕಾಣಸಿಗುತ್ತದೆ. ಬ್ರೌಸರ್‌ನೊಳಗಿನ ಜಾವಾಸ್ಕ್ರಿಪ್ಟ್‌ಗೆ ತನ್ನ ಹೊರಗಿನ ವಿಳಾಸ ತಾನಾಗಿ ತಿಳಿಯದು. ಯಾವುದಾದರೂ ಸರ್ವರನ್ನು ಕೇಳಿಯೇ ತಿಳಿದುಕೊಳ್ಳಬೇಕು. 2015ರ ಸುಮಾರಿಗೆ ವೆಬ್ ಆರ್‌ಟಿಸಿ ಮೂಲಕ ಮನೆಯೊಳಗಿನ ವಿಳಾಸ ಸೋರುತ್ತಿದೆ ಎಂಬ ಗದ್ದಲವಾಯಿತು. ಬ್ರೌಸರ್‌ಗಳು ಆಮೇಲೆ ಆ ದಾರಿಗೆ ಮುಸುಕು ಹಾಕಿದವು.

ನಡುವೆ ಬಂದ ಪ್ರಾಕ್ಸಿ: ಸಿಂಗಪುರದ 1996

ಕೊನೆಯ ಯಂತ್ರವೇ ಸಂದರ್ಶಕನ ಯಂತ್ರ ಎಂಬ ಊಹೆ ಸಿಂಗಪುರದಲ್ಲಿ ಬಹಳ ಬೇಗ ಮುರಿದುಬಿತ್ತು, ಅದೂ ಕಾನೂನಿನ ಮೂಲಕ. 1996ರ ಜುಲೈನಲ್ಲಿ ಸಿಂಗಪುರ ಪ್ರಸಾರ ಪ್ರಾಧಿಕಾರ ಇಂಟರ್‌ನೆಟ್ ಸೇವೆಗಳಿಗೆ ವರ್ಗ ಪರವಾನಗಿ ವ್ಯವಸ್ಥೆ ಜಾರಿಗೆ ತಂದಿತು. ಆಗ ದೇಶದಲ್ಲಿ ಇದ್ದದ್ದು ಸಿಂಗ್‌ನೆಟ್, ಪೆಸಿಫಿಕ್ ಇಂಟರ್‌ನೆಟ್, ಸೈಬರ್‌ವೇ ಎಂಬ ಮೂರು ಸೇವಾದಾರ ಕಂಪನಿಗಳು. ನೂರರಷ್ಟು ಆಯ್ದ ತಾಣಗಳನ್ನು, ಹೆಚ್ಚಿನವು ಅಶ್ಲೀಲ ತಾಣಗಳು, ತಡೆಯಬೇಕೆಂದು ಸರ್ಕಾರ ಹೇಳಿತು. ಪಟ್ಟಿ ಸಾಂಕೇತಿಕ ಎಂದು ಅಧಿಕಾರಿಗಳೇ ಒಪ್ಪುತ್ತಿದ್ದರು. ಅದನ್ನು ಜಾರಿ ಮಾಡಿದ ಬಗೆ ಮಾತ್ರ ಸಾಂಕೇತಿಕವಾಗಿರಲಿಲ್ಲ: ಮನೆ ಗ್ರಾಹಕರ ವೆಬ್ ಸಂಚಾರವನ್ನೆಲ್ಲ ಪ್ರಾಕ್ಸಿ ಸರ್ವರ್‌ಗಳ ಮೂಲಕ ಹಾಯಿಸಲಾಯಿತು. ಪ್ರಾಕ್ಸಿಯಿಂದ ಇನ್ನೊಂದು ಲಾಭವೂ ಇತ್ತು. ವಿದೇಶಿ ಬ್ಯಾಂಡ್‌ವಿಡ್ತ್ ದುಬಾರಿಯಾಗಿದ್ದ ಕಾಲದಲ್ಲಿ ಒಬ್ಬರು ನೋಡಿದ ಪುಟವನ್ನು ಕೂಡಿಟ್ಟು ಇನ್ನೊಬ್ಬರಿಗೆ ಕೊಡಬಹುದಿತ್ತು.

ಪರಿಣಾಮ ಇಷ್ಟು: ಜುರಾಂಗ್ ಈಸ್ಟ್‌ನ ಒಂದು ಫ್ಲಾಟ್‌ನಿಂದ ಹೋದ ಕೋರಿಕೆಯೂ ದ್ವೀಪದ ಇನ್ನೊಂದು ತುದಿಯ ಟ್ಯಾಂಪಿನೀಸ್‌ನಿಂದ ಹೋದ ಕೋರಿಕೆಯೂ ಹೊರಗಿನ ಸರ್ವರ್‌ಗಳಿಗೆ ಒಂದೇ ಪ್ರಾಕ್ಸಿಯ ವಿಳಾಸದಿಂದ ಬಂದಂತೆ ಕಾಣುತ್ತಿತ್ತು. ಒಬ್ಬನನ್ನು ತಡೆಯಲು ಹೋದವರು ಅರಿವಿಲ್ಲದೆ ಸಾವಿರಾರು ಜನರನ್ನು ತಡೆಯುತ್ತಿದ್ದರು. ಈ ಬಗೆಯ ಪ್ರಸಂಗಗಳಲ್ಲಿ ಜಗತ್ತಿನ ಗಮನ ಸೆಳೆದದ್ದು ಕತಾರ್‌ನದು. ಆ ದೇಶದ ಬಹುಪಾಲು ಸಂಚಾರ ಒಂದೇ ಐಪಿ ವಿಳಾಸದ ಮೂಲಕ ಹೋಗುತ್ತಿತ್ತು. 2007ರ ಹೊಸ ವರ್ಷದ ಹೊತ್ತಿಗೆ ಕಿಡಿಗೇಡಿ ತಿದ್ದುಪಡಿಗಳನ್ನು ತಡೆಯಲೆಂದು ವಿಕಿಪೀಡಿಯ ಆ ವಿಳಾಸವನ್ನು ನಿರ್ಬಂಧಿಸಿತು. ಕೆಲ ಗಂಟೆಗಳ ಕಾಲ ಒಂದು ಇಡೀ ದೇಶಕ್ಕೇ ಬಾಗಿಲು ಹಾಕಿದಂತಾಯಿತು.

ಸಿಂಗಪುರ ಈ ವ್ಯವಸ್ಥೆ ತಂದ ವರ್ಷದಲ್ಲೇ ಸ್ಕ್ವಿಡ್ ಎಂಬ ಮುಕ್ತ ತಂತ್ರಾಂಶದ ಪ್ರಾಕ್ಸಿ ಬಿಡುಗಡೆಯಾಯಿತು. 'ಎಕ್ಸ್-ಫಾರ್ವರ್ಡೆಡ್-ಫಾರ್' ಎಂಬ ಹೆಡರ್ ಬಳಕೆಗೆ ಬಂದದ್ದು ಅದರಿಂದ. ಪ್ರಾಕ್ಸಿ ತನಗೆ ಕೋರಿಕೆ ಕೊಟ್ಟವರ ವಿಳಾಸವನ್ನು ಈ ಸಾಲಿನ ಕೊನೆಗೆ ಸೇರಿಸಿ ಮುಂದೆ ಕಳಿಸುತ್ತದೆ; ಮುಂದಿನ ಪ್ರಾಕ್ಸಿ ಮತ್ತೊಂದನ್ನು ಸೇರಿಸುತ್ತದೆ; ಹೀಗೆ ಅಲ್ಪವಿರಾಮ ಹಾಕಿದ ಒಂದು ಪಟ್ಟಿ ಬೆಳೆಯುತ್ತದೆ. ಯಾವ ಮಂಡಳಿಯೂ ಒಪ್ಪಿಗೆ ಕೊಡದೆ ಬಳಕೆಯ ಬಲದಿಂದಲೇ ಇದು ಜಗತ್ತನ್ನೆಲ್ಲ ಹಬ್ಬಿತು. ಇದಕ್ಕೆ ಬದಲಾಗಿ 'ಫಾರ್ವರ್ಡೆಡ್' ಎಂಬ ಅಧಿಕೃತ ಹೆಡರ್ 2014ರ ಜೂನ್‌ನಲ್ಲಿ ಆರ್‌ಎಫ್‌ಸಿ 7239 ಎಂಬ ಇಂಟರ್‌ನೆಟ್ ಪ್ರಮಾಣ ದಾಖಲೆಯಾಗಿ ಬಂದಿತಾದರೂ ಹಳೆಯದನ್ನು ಕದಲಿಸಲು ಅದರಿಂದ ಆಗಲಿಲ್ಲ.

ಪಟ್ಟಿಯನ್ನು ಯಾವ ತುದಿಯಿಂದ ಓದಬೇಕು

ಇಂದು ಸರ್ವರ್‌ನ ಮುಂದೆ ನಿಂತಿರುವ ಪ್ರಾಕ್ಸಿಗಳನ್ನು ಬಹುಮಟ್ಟಿಗೆ ಆ್ಯಪ್‌ನವರೇ ನಿಲ್ಲಿಸಿರುತ್ತಾರೆ. ಎದುರಿಗೆ ಕ್ಲೌಡ್‌ಫ್ಲೇರ್ ಅಥವಾ ಅಕಮೈನಂಥ ಸಿಡಿಎನ್ (ಪುಟಗಳನ್ನು ಹಂಚುವ ಜಾಲ), ಅದರ ಹಿಂದೆ ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಎನ್‌ಜಿನ್‌ಎಕ್ಸ್, ಕಟ್ಟಕಡೆಗೆ ಆ್ಯಪ್. ಮೊದಲ ಬಾರಿ ಕ್ಲೌಡ್‌ಗೆ ಏರಿಸಿದ ಆ್ಯಪ್‌ನ ಲಾಗ್ ತೆಗೆದು ನೋಡಿದರೆ ಸಂದರ್ಶಕರೆಲ್ಲ 10.0.3.14ರಂಥ ಒಂದೇ ವಿಳಾಸದಿಂದ ಬಂದಿರುತ್ತಾರೆ. ಹತ್ತರಿಂದ ಶುರುವಾಗುವ ವಿಳಾಸಗಳು 1996ರ ಆರ್‌ಎಫ್‌ಸಿ 1918ರ ಪ್ರಕಾರ ಖಾಸಗಿ ಜಾಲಗಳಿಗೆ ಮೀಸಲು. ಲಾಗ್‌ನಲ್ಲಿ ಕಂಡದ್ದು ಸ್ವಂತ ಲೋಡ್ ಬ್ಯಾಲೆನ್ಸರ್‌ನ ಮುಖ. ಇದನ್ನು ಕಂಡು ಗಾಬರಿಯಾದವರು ಎಲ್ಲಿಂದಲೋ ನಾಲ್ಕು ಸಾಲಿನ ಕೋಡ್ ಹುಡುಕಿ ಅಂಟಿಸುತ್ತಾರೆ: ಎಕ್ಸ್-ಫಾರ್ವರ್ಡೆಡ್-ಫಾರ್ ಇದ್ದರೆ ಅದರ ಮೊದಲ ವಿಳಾಸ ತೆಗೆದುಕೋ, ಇಲ್ಲದಿದ್ದರೆ ರಿಮೋಟ್ ಅಡ್ರ್ ತೆಗೆದುಕೋ. ಎಷ್ಟೋ ಆ್ಯಪ್‌ಗಳಲ್ಲಿ ಇಂದಿಗೂ ಓಡುತ್ತಿರುವ ಈ ಕೋಡ್ ತಪ್ಪು. ಕೆಲಸ ಮಾಡುವಂತೆ ಕಾಣುವ ತಪ್ಪಾದ್ದರಿಂದ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ತಪ್ಪು ಯಾಕೆಂದರೆ ಹೆಡರ್‌ನ ಎಡತುದಿಯನ್ನು ಯಾರು ಬೇಕಾದರೂ ಬರೆಯಬಹುದು. ಕಚೇರಿಯ ಕಡತವೊಂದು ಗ್ರಾಮ ಆಡಳಿತಾಧಿಕಾರಿಯಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುವಾಗ ಪ್ರತಿಯೊಬ್ಬರೂ ಕೆಳಗೊಂದು ಟಿಪ್ಪಣಿ ಬರೆದು ಮೊಹರು ಹಾಕುತ್ತಾರೆ. ಅರ್ಜಿದಾರನೇ ಬರುವಾಗ ಒಂದು ಕಳ್ಳ ಮೊಹರು ಒತ್ತಿಕೊಂಡು ಬಂದಿದ್ದರೆ? ಮೇಲಿನ ಮೊಹರಿನಿಂದ ಓದಲು ಶುರು ಮಾಡಿದ ಅಧಿಕಾರಿ ಮೋಸಹೋಗುತ್ತಾನೆ. ತನ್ನ ಮುಂದೆ ಕಡತ ತಂದಿಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು ಎಂದು ಕೆಳಗಿನಿಂದ ಮೇಲಕ್ಕೆ ಹೋದವನು, ತಾನು ಗುರುತಿಸುವ ಕೊನೆಯ ಮೊಹರಿನವರೆಗೆ ಮಾತ್ರ ನಂಬುತ್ತಾನೆ.

ಐಪಿ ಪಟ್ಟಿಯನ್ನೂ ಹಾಗೆಯೇ ಬಲದಿಂದ ಎಡಕ್ಕೆ ಓದಬೇಕು. ಜುರಾಂಗ್ ಈಸ್ಟ್‌ನ ಒಂದು ಮನೆಯ ವಿಳಾಸ 203.0.113.25 ಎಂದಿಟ್ಟುಕೊಳ್ಳೋಣ. (ಈ ಸಾಲಿನ ವಿಳಾಸಗಳನ್ನು ಉದಾಹರಣೆ ಬರೆಯುವವರಿಗೆಂದೇ ಮೀಸಲಿಟ್ಟಿದ್ದಾರೆ.) ಆ ಮನೆಯಲ್ಲಿ ಕೂತವನು 127.0.0.1 (ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ) ಎಂದು ಸುಳ್ಳು ಹೆಡರ್ ತುಂಬಿಸಿ ಕೋರಿಕೆ ಕಳಿಸುತ್ತಾನೆ. ಸಿಡಿಎನ್ ಅದರ ಬಲಕ್ಕೆ 203.0.113.25 ಸೇರಿಸುತ್ತದೆ. ಲೋಡ್ ಬ್ಯಾಲೆನ್ಸರ್ ತನಗೆ ಕೋರಿಕೆ ಕೊಟ್ಟ ಸಿಡಿಎನ್‌ನ ವಿಳಾಸವನ್ನು, 198.51.100.8 ಎನ್ನೋಣ, ಸೇರಿಸುತ್ತದೆ. ಆ್ಯಪ್‌ಗೆ ನೇರ ಸಂಪರ್ಕದಲ್ಲಿ ಕಾಣುವುದು 10.0.3.14. ಈಗ ಬಲದಿಂದ ಶುರು: 10.0.3.14 ನಮ್ಮದೇ, ದಾಟಿ ಮುಂದೆ, 198.51.100.8 ಸಿಡಿಎನ್‌ನ ಪ್ರಕಟಿತ ಪಟ್ಟಿಯಲ್ಲಿದೆ, ದಾಟಿ ಮುಂದೆ, 203.0.113.25 ನಮ್ಮ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಇದೇ ಸಂದರ್ಶಕನ ವಿಳಾಸ. ಅದರ ಎಡಕ್ಕೆ ಏನು ಬರೆದಿದ್ದರೂ ನಮಗೆ ಬೇಡ. ಎನ್‌ಜಿನ್‌ಎಕ್ಸ್‌ನ 'ರಿಯಲ್ ಐಪಿ' ಮಾಡ್ಯೂಲ್ ಮತ್ತು ಅಪಾಚೆಯ 'ಮಾಡ್ ರಿಮೋಟ್ ಐಪಿ' ನಂಬಬಹುದಾದ ಪ್ರಾಕ್ಸಿಗಳ ಪಟ್ಟಿ ಕೊಟ್ಟು ಸರಿಯಾಗಿ ಹೊಂದಿಸಿದರೆ ಈ ಕೆಲಸವನ್ನು ತಾವೇ ಮಾಡುತ್ತವೆ. ನೋಡ್‌ನ ಎಕ್ಸ್‌ಪ್ರೆಸ್ ಚೌಕಟ್ಟಿನಲ್ಲಿ 'ಟ್ರಸ್ಟ್ ಪ್ರಾಕ್ಸಿ' ಎಂಬ ಆಯ್ಕೆಗೆ ಪಟ್ಟಿ ಕೊಡುವ ಬದಲು ಸುಮ್ಮನೆ 'ಟ್ರೂ' ಎಂದು ಬರೆದರೆ ಅದು ಎಡತುದಿಯ ವಿಳಾಸವನ್ನೇ ಎತ್ತಿಕೊಡುತ್ತದೆ. ಬಹಳ ಜನ ಬರೆಯುವುದು ಹಾಗೆಯೇ.

ಸುಳ್ಳು 127.0.0.1ರ ಮಾತು ಕಲ್ಪನೆಯದಲ್ಲ. ಒಮ್ಮೆ ಪಿಎಚ್‌ಪಿ ಲೋಕದ ಹೆಸರಾಂತ ಪ್ರೋಗ್ರಾಮರ್ ಒಬ್ಬರು ತಮ್ಮದೇ ಯಂತ್ರದ ಸ್ಕ್ವಿಡ್ ಪ್ರಾಕ್ಸಿ ಮೂಲಕ ಸ್ಟ್ಯಾಕ್ ಓವರ್‌ಫ್ಲೋ ತಾಣಕ್ಕೆ ಹೋದರು. ಸ್ಕ್ವಿಡ್ ಪದ್ಧತಿಯಂತೆ 127.0.0.1 ಎಂದು ಹೆಡರ್ ಸೇರಿಸಿತು. ತಾಣದ ಕೋಡ್ ಅದನ್ನು ನಂಬಿ, ಬಂದವರು ಒಳಗಿನವರೇ ಎಂದುಕೊಂಡು, ಸಿಬ್ಬಂದಿಗೆ ಮಾತ್ರ ಕಾಣಬೇಕಿದ್ದ ಭಾಗಗಳನ್ನು ತೆರೆದಿಟ್ಟಿತು. ಜಗತ್ತಿನ ಪ್ರೋಗ್ರಾಮರ್‌ಗಳೆಲ್ಲ ಅನುಮಾನ ಪರಿಹಾರಕ್ಕೆ ಹೋಗುವ ತಾಣದಲ್ಲೇ ಹೀಗಾಯಿತು. ಅವರು ವಿಷಯ ತಿಳಿಸಿದ ಮೇಲೆ ತಾಣದವರು ಅದನ್ನು ಸರಿಪಡಿಸಿದರು. ಪೈಥಾನ್‌ನ ಜ್ಯಾಂಗೊ ತಂಡ ಇದಕ್ಕೂ ಮೊದಲೇ ಎಚ್ಚೆತ್ತಿತ್ತು. ಈ ಹೆಡರ್ ಓದಿ ವಿಳಾಸ ಬದಲಿಸುವ ತನ್ನ ಮಿಡಲ್‌ವೇರನ್ನು, ಎಲ್ಲ ಸಂದರ್ಭಕ್ಕೂ ವಿಶ್ವಾಸಾರ್ಹವಾಗಿ ಮಾಡಲಾಗದೆಂಬ ಕಾರಣ ಕೊಟ್ಟು, 2009ರ 1.1 ಆವೃತ್ತಿಯಲ್ಲಿ ತೆಗೆದೇ ಹಾಕಿತು. ಚೌಕಟ್ಟಿಗೆ ತನ್ನ ಮುಂದೆ ಎಷ್ಟು ಪ್ರಾಕ್ಸಿಗಳಿವೆ ಎಂದು ಗೊತ್ತಿರುವುದಿಲ್ಲ, ನಡೆಸುವವರಿಗೆ ಗೊತ್ತಿರುತ್ತದೆ. ಜ್ಯಾಂಗೊ ತೀರ್ಮಾನ ಆಗ ಹಲವರಿಗೆ ಕಿರಿಕಿರಿ ಎನಿಸಿತ್ತೇನೋ, ಅದು ಸರಿಯಾಗಿತ್ತು.

ಕ್ಲೌಡ್‌ಫ್ಲೇರ್ ಪಟ್ಟಿಯ ರಗಳೆಯೇ ಬೇಡವೆಂದು 'ಸಿಎಫ್-ಕನೆಕ್ಟಿಂಗ್-ಐಪಿ' ಎಂಬ ಒಂದೇ ವಿಳಾಸದ ಹೆಡರ್ ಕೊಡುತ್ತದೆ; ಅಕಮೈ 'ಟ್ರೂ-ಕ್ಲೈಂಟ್-ಐಪಿ' ಕೊಡುತ್ತದೆ. ಇವು ಸಲೀಸು. ಆದರೆ ಸಿಡಿಎನ್ ಬಳಸದೆ ಮೂಲ ಸರ್ವರ್‌ಗೇ ನೇರವಾಗಿ ಬರುವ ದಾರಿ ತೆರೆದಿದ್ದರೆ ಬಂದವನು ಇವನ್ನೂ ತಾನೇ ಬರೆದುಕೊಂಡು ಬರುತ್ತಾನೆ. ಮೂಲ ಸರ್ವರ್‌ನ ಫೈರ್‌ವಾಲ್ ಸಿಡಿಎನ್ ವಿಳಾಸಗಳಿಗೆ ಮಾತ್ರ ತೆರೆದಿರಬೇಕು ಎನ್ನುವುದು ಇದಕ್ಕಾಗಿ. ಎಚ್‌ಟಿಟಿಪಿ ಅಲ್ಲದ ಸಂಚಾರಕ್ಕೆ ಹೆಡರ್ ಸೇರಿಸುವಂತಿಲ್ಲ. ಅಲ್ಲಿ ಎಚ್‌ಎ ಪ್ರಾಕ್ಸಿ ತಂತ್ರಾಂಶದ ವಿಲ್ಲಿ ತಾರೊ ರೂಪಿಸಿದ 'ಪ್ರಾಕ್ಸಿ ಪ್ರೋಟೊಕಾಲ್' ಬಳಕೆಯಲ್ಲಿದೆ.

ಒಂದು ವಿಳಾಸ, ಹಲವು ಜನ

ಪ್ರಾಕ್ಸಿಗಳನ್ನೆಲ್ಲ ಸರಿಯಾಗಿ ಕಳಚಿ ಕೊನೆಯ ವಿಳಾಸ ಹಿಡಿದಾದ ಮೇಲೂ ಅದು ಒಬ್ಬ ಮನುಷ್ಯನ ವಿಳಾಸವಲ್ಲ. 1981ರ ಐಪಿ ಆವೃತ್ತಿ 4ರಲ್ಲಿ ಇರುವುದು ಒಟ್ಟು ಸುಮಾರು 430 ಕೋಟಿ ವಿಳಾಸ. ಏಷ್ಯಾ-ಪೆಸಿಫಿಕ್ ಪ್ರದೇಶಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ಸಾಮಾನ್ಯ ದಾಸ್ತಾನು 2011ರ ಏಪ್ರಿಲ್ 15ರಂದು ಮುಗಿಯಿತು. ಪಡಿತರದಂತೆ ಸದಸ್ಯರೊಬ್ಬರಿಗೆ ಗರಿಷ್ಠ 1,024 ವಿಳಾಸ ಎಂಬ ಮಿತಿ ಅಂದಿನಿಂದ ಬಂತು. ಭಾರತವೂ ಸಿಂಗಪುರವೂ ಇದೇ ಎಪಿನಿಕ್ ವ್ಯಾಪ್ತಿಯವು. ಕೊರತೆಗೆ ಮೊಬೈಲ್ ಕಂಪನಿಗಳು ಕಂಡುಕೊಂಡ ಉಪಾಯ ವಾಹಕ ಮಟ್ಟದ ನ್ಯಾಟ್: ಗ್ರಾಹಕರಿಗೆ 2012ರಲ್ಲಿ ಇದಕ್ಕೆಂದೇ ಮೀಸಲಾದ 100.64ರಿಂದ ಶುರುವಾಗುವ ಒಳವಿಳಾಸ ಕೊಟ್ಟು, ಹೊರಗೆ ಹೋಗುವಾಗ ನೂರಾರು ಜನರಿಗೆ ಒಂದೇ ಹೊರವಿಳಾಸ ಹಚ್ಚುವುದು.

ಜುರಾಂಗ್ ಈಸ್ಟ್‌ನ ಗ್ರಂಥಾಲಯದಲ್ಲಿ, ಮಾಲ್‌ಗಳಲ್ಲಿ ಸಿಗುವ 'ವೈರ್‌ಲೆಸ್@ಎಸ್‌ಜಿ' ಸಿಂಗಪುರ ಸರ್ಕಾರ 2006ರ ಡಿಸೆಂಬರ್‌ನಲ್ಲಿ ಶುರುಮಾಡಿದ ಉಚಿತ ವೈಫೈ. ಅಲ್ಲಿ ಕೂತು ಓದುವ ಶಾಲಾಮಕ್ಕಳು ಒಂದೇ ಹೊರವಿಳಾಸದಿಂದ ಒಂದೇ ರಸಪ್ರಶ್ನೆ ಆ್ಯಪ್‌ಗೆ ಹೋದರೆ, ವಿಳಾಸ ಎಣಿಸಿ ಮಿತಿ ಹೇರುವ ಆ್ಯಪ್ ಅವರನ್ನೆಲ್ಲ ಒಬ್ಬ ಅತ್ಯುತ್ಸಾಹಿ ರೋಬಾಟ್ ಎಂದು ತಿಳಿದೀತು. ವಿಳಾಸ ನೋಡಿ ಮತ ಎಣಿಸುವ ಸ್ಪರ್ಧೆಗಳು ಹಾಸ್ಟೆಲ್ ಮಕ್ಕಳಿಗೆ ಅನ್ಯಾಯ ಮಾಡುತ್ತವೆ ಎಂಬುದನ್ನೂ ಇದೇ ಲೆಕ್ಕಕ್ಕೆ ಸೇರಿಸಬಹುದು.

ಐಪಿ ಆವೃತ್ತಿ 6ರಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಒಂದು ಮನೆಗೆ ಸಾಮಾನ್ಯವಾಗಿ ಕನಿಷ್ಠ 64 ಬಿಟ್‌ನ ಒಂದು ಗುಂಪು, ಅಂದರೆ ಎಣಿಸಲಾಗದಷ್ಟು ವಿಳಾಸ ಸಿಗುತ್ತದೆ. ಖಾಸಗಿತನಕ್ಕಾಗಿ ಫೋನು, ಲ್ಯಾಪ್‌ಟಾಪ್‌ಗಳು ಆಗಾಗ ಹೊಸ ವಿಳಾಸ ಹುಟ್ಟಿಸಿಕೊಳ್ಳುತ್ತವೆ. ಒಂದೊಂದೇ ವಿಳಾಸ ತಡೆಯುತ್ತ ಕೂತರೆ ಮುಗಿಯುವ ಕೆಲಸವಲ್ಲ. ಮೊದಲ 64 ಬಿಟ್‌ಗಳನ್ನು ಹಿಡಿದು ಎಣಿಸಬೇಕು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಭಾರತ ಆವೃತ್ತಿ 6ರ ಬಳಕೆಯಲ್ಲಿ ಮುಂಚೂಣಿ ದೇಶಗಳ ಸಾಲಿಗೆ ಸೇರಿತು. ಹೀಗಾಗಿ ಸಿಂಗಪುರದಲ್ಲಿ ಸರ್ವರ್ ಇಟ್ಟು ಕರ್ನಾಟಕದ ಬಳಕೆದಾರರಿಗೆ ಸೇವೆ ಕೊಡುವವರು ಇದನ್ನು ಮುಂದೆಂದೋ ಬರುವ ಸಂಗತಿ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಡೇಟಾಬೇಸ್‌ಗಳಲ್ಲಿ ವಿಳಾಸಕ್ಕೆ ಹದಿನೈದು ಅಕ್ಷರದ ಜಾಗ ಬಿಟ್ಟಿರುತ್ತಾರೆ. ಆವೃತ್ತಿ 6ರ ವಿಳಾಸ ಬರಹದಲ್ಲಿ 45 ಅಕ್ಷರದವರೆಗೆ ಹೋಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆಂದೇ 'ಐನೆಟ್' ಎಂಬ ಮಾದರಿ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ 16 ಬೈಟ್‌ನ ದ್ವಿಮಾನ ಕಂಬ ಸಾಕು. ಎರಡೂ ಆವೃತ್ತಿಗಳನ್ನು ಒಂದೇ ಸಾಕೆಟ್‌ನಲ್ಲಿ ಕೇಳುವ ಸರ್ವರ್, ಆವೃತ್ತಿ 4ರ ವಿಳಾಸಕ್ಕೂ ಹಿಂದೆ ನಾಲ್ಕು 'ಎಫ್' ಅಂಟಿಸಿ ಆವೃತ್ತಿ 6ರ ವೇಷದಲ್ಲಿ ತೋರಿಸುವುದುಂಟು. ಹೋಲಿಸುವ ಮೊದಲು ಆ ವೇಷ ಕಳಚದಿದ್ದರೆ ನಿರ್ಬಂಧದ ಪಟ್ಟಿಯಲ್ಲಿರುವವನೇ ಸಲೀಸಾಗಿ ಒಳಗೆ ಬರುತ್ತಾನೆ.

ವಿಳಾಸದಿಂದ ಊರು

ಐಪಿ ವಿಳಾಸದಲ್ಲಿ ಊರಿನ ಹೆಸರು ಅಡಗಿಲ್ಲ. ಮ್ಯಾಕ್ಸ್‌ಮೈಂಡ್‌ನಂಥ ಕಂಪನಿಗಳು ನೋಂದಣಿ ದಾಖಲೆ, ಸಂಚಾರದ ವಿಳಂಬ, ಸೇವಾದಾರರು ಪ್ರಕಟಿಸುವ ಪಟ್ಟಿ ಮೊದಲಾದವನ್ನು ಕೂಡಿಸಿ ಅಂದಾಜು ಕಟ್ಟುತ್ತವೆ. ದೇಶದ ಮಟ್ಟದಲ್ಲಿ ಅಂದಾಜು ಬಹುಪಾಲು ಸರಿ, ಊರಿನ ಮಟ್ಟದಲ್ಲಿ ಅಷ್ಟಿಲ್ಲ. ಸಿಂಗಪುರದಲ್ಲಿ ದೇಶವೂ ಊರೂ ಒಂದೇ ಆದ್ದರಿಂದ ಈ ಪಟ್ಟಿಗಳು ಹೆಚ್ಚಾಗಿ 'ಸಿಂಗಪುರ' ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಸಂದರ್ಶಕ ಜುರಾಂಗ್ ಈಸ್ಟ್‌ನವನೋ ಚಾಂಗಿಯವನೋ ಎಂಬುದನ್ನು ಐಪಿಯಿಂದ ಹೇಳುವೆನೆನ್ನುವ ಆ್ಯಪನ್ನು ನಂಬಬೇಕಾಗಿಲ್ಲ. ಅಂದಾಜನ್ನು ನಿಖರ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಾನ್ಸಾಸ್‌ನ ಪಾಟ್ವಿನ್ ಬಳಿಯ ಒಂದು ತೋಟದ ಮನೆ ಸಾಕ್ಷಿ. 'ಅಮೆರಿಕದಲ್ಲಿ ಎಲ್ಲೋ' ಎಂಬ ಉತ್ತರಕ್ಕೆ ಮ್ಯಾಕ್ಸ್‌ಮೈಂಡ್ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಡುತ್ತಿತ್ತು. ಆ ಬಿಂದು ಬಿದ್ದದ್ದು ಆ ಮನೆಯ ಅಂಗಳದಲ್ಲಿ. ಸುಮಾರು 60 ಕೋಟಿ ವಿಳಾಸಗಳು ಅಲ್ಲಿಗೆ ಬೆರಳು ತೋರಿಸುತ್ತಿದ್ದವು. ಕಳೆದುಹೋದವರನ್ನು, ವಂಚಕರನ್ನು ಹುಡುಕುತ್ತ ಪೊಲೀಸರು ವರ್ಷಗಟ್ಟಲೆ ಆ ಬಾಗಿಲಿಗೆ ಬಂದರು. ಕಾರಣ ಹೊರಬಿದ್ದದ್ದು 2016ರಲ್ಲಿ. ಆಮೇಲೆ ಕಂಪನಿ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿತು.

ಸಿಂಗಪುರಕ್ಕೂ ಭಾರತಕ್ಕೂ ಸೇರಿದ ಇನ್ನೊಂದು ಪ್ರಸಂಗ ಇದಕ್ಕಿಂತ ಕುತೂಹಲದ್ದು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಗ್ರಾಹಕರ ಸಂಚಾರವನ್ನು ತಮ್ಮ ಸರ್ವರ್‌ಗಳ ಮೂಲಕ ಹಾಯಿಸುವ ವಿಪಿಎನ್ ಕಂಪನಿಗಳು ಆ ಗ್ರಾಹಕರ ಹೆಸರು, ಅವರಿಗೆ ಕೊಟ್ಟ ಐಪಿ ಮೊದಲಾದ ವಿವರಗಳನ್ನು ಐದು ವರ್ಷ ಇಟ್ಟಿರಬೇಕು ಎಂದಿತು. ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್ ಜೂನ್‌ನಲ್ಲಿ ಭಾರತದಿಂದ ಸರ್ವರ್‌ಗಳನ್ನು ಕಿತ್ತುಕೊಂಡು ಹೋಯಿತು, ಆದರೆ ಭಾರತದ ವಿಳಾಸ ಕೊಡುವುದನ್ನು ಬಿಡಲಿಲ್ಲ. ಯಂತ್ರ ಸಿಂಗಪುರದಲ್ಲಿ, ಅದಕ್ಕೆ ಹಚ್ಚಿದ ಐಪಿ ಭಾರತದ್ದು. ಇದನ್ನು ಬಳಸುವ ಕನ್ನಡಿಗರೊಬ್ಬರು ಜುರಾಂಗ್ ಈಸ್ಟ್‌ನ ಮನೆಯಲ್ಲಿ ಕೂತು ಭಾರತದೊಳಗೆ ಮಾತ್ರ ತೆರೆಯುವ ಕನ್ನಡ ಧಾರಾವಾಹಿ ನೋಡಿದರೆ, ಕೋರಿಕೆ ಸಿಂಗಪುರದೊಳಗೇ ಎರಡು ಹೆಜ್ಜೆ ನಡೆದು ಭಾರತದ ಗುರುತು ತೊಟ್ಟು ಹೊರಡುತ್ತದೆ. ಊರಿನ ಜಮೀನು, ತೆರಿಗೆ, ಪಿಂಚಣಿಯ ಕೆಲಸಕ್ಕೆ ಭಾರತದ ಸರ್ಕಾರಿ ತಾಣ ತೆರೆಯಲು ಹೋಗಿ, ವಿದೇಶಿ ವಿಳಾಸ ಎಂಬ ಕಾರಣಕ್ಕೆ ಬಾಗಿಲು ಮುಚ್ಚಿರುವುದನ್ನು ಕಂಡ ಅನಿವಾಸಿಗಳು ಇದೇ ಅಡ್ಡದಾರಿ ಹಿಡಿಯುವುದುಂಟು. ನಿಜವಾದ ಹಕ್ಕುದಾರನನ್ನು ಹೊರಗೆ ನಿಲ್ಲಿಸಿ, ಕೆಲವು ನೂರು ರೂಪಾಯಿಗೆ ಭಾರತದ ವಿಳಾಸ ಕೊಂಡವನನ್ನು ಒಳಗೆ ಬಿಡುವ ಈ ಬೇಲಿಯಿಂದ ಯಾರಿಗೆ ರಕ್ಷಣೆಯೋ ತಿಳಿಯದು. ಆ್ಯಪಲ್ 2021ರಲ್ಲಿ ಪ್ರಕಟಿಸಿದ 'ಪ್ರೈವೇಟ್ ರಿಲೇ' ಸೇವೆ, ದೇಶದ ಗುರುತು ಬದಲಿಸದಿದ್ದರೂ, ವಿಳಾಸದ ಮರೆಯನ್ನು ಹಣ ಕೊಡುವ ಐಫೋನ್ ಗ್ರಾಹಕರಿಗೂ ಒದಗಿಸಿತು.

ಲಾಗ್‌ನಲ್ಲಿ ಏನು ಬರೆದಿರಬೇಕು

ಬೆಂಗಳೂರಿನ ಒಂದು ಪ್ರಕರಣ ಇಲ್ಲಿ ಹೇಳಲೇಬೇಕಾದದ್ದು. ಆರ್ಕುಟ್ ತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಆಧಾರ ಒಂದು ಐಪಿ ವಿಳಾಸ, ಅದು ಯಾವ ಗ್ರಾಹಕನದೆಂದು ಸೇವಾದಾರ ಕಂಪನಿ ಕೊಟ್ಟ ಮಾಹಿತಿ. ಮಾಹಿತಿ ತಪ್ಪಾಗಿತ್ತು. ಆ ಹೊತ್ತಿನಲ್ಲಿ ಆ ವಿಳಾಸ ಆತನದಾಗಿರಲಿಲ್ಲ ಎಂದು ಗೊತ್ತಾಗಿ ಬಿಡುಗಡೆಯಾಗುವಷ್ಟರಲ್ಲಿ ಆತ ಸೆರೆಮನೆಯಲ್ಲಿ 50 ದಿನ ಕಳೆದಿದ್ದರು. ಗ್ರಾಹಕರಿಗೆ ವಿಳಾಸ ದಿನಕ್ಕೊಂದು, ಕೆಲವೊಮ್ಮೆ ಗಂಟೆಗೊಂದು ಬದಲಾಗುತ್ತದೆ. ಸಮಯ ಜೊತೆಗಿಲ್ಲದ ಐಪಿ ವಿಳಾಸ ಸಾಕ್ಷ್ಯವೇ ಅಲ್ಲ.

2011ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 6302 ಈ ಬಗ್ಗೆ ಚಿಕ್ಕ, ಸ್ಪಷ್ಟ ಶಿಫಾರಸು ಕೊಡುತ್ತದೆ: ವಿಳಾಸದ ಜೊತೆಗೆ ಮೂಲ ಪೋರ್ಟ್ ಸಂಖ್ಯೆ ಬರೆಯಿರಿ, ಸೆಕೆಂಡಿನವರೆಗೆ ನಿಖರವಾದ ಸಮಯ ಬರೆಯಿರಿ, ಸಾಧ್ಯವಿದ್ದಷ್ಟು ಯುಟಿಸಿಯಲ್ಲಿ ಬರೆಯಿರಿ. ನ್ಯಾಟ್ ಹಿಂದಿನ ನೂರಾರು ಗ್ರಾಹಕರಲ್ಲಿ ಒಬ್ಬರನ್ನು ಬೇರ್ಪಡಿಸಿ ಹೇಳುವುದು ಆ ಪೋರ್ಟ್ ಸಂಖ್ಯೆ ಮಾತ್ರ. ಬಹುತೇಕ ವೆಬ್ ಸರ್ವರ್‌ಗಳ ಮೂಲ ವಿನ್ಯಾಸದ ಲಾಗ್‌ನಲ್ಲಿ ಅದು ಇರುವುದಿಲ್ಲ, ನಾವೇ ಸೇರಿಸಬೇಕು. ಸಿಂಗಪುರದ ಗಡಿಯಾರ ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ಸಮಯದಲ್ಲಿ ಬರೆದ ಲಾಗನ್ನು ಇಲ್ಲಿನ ಸಮಯವೆಂದು ಓದಿದರೆ ಬೇರೆಯದೇ ಮನೆಯ ಬಾಗಿಲಿಗೆ ಪೊಲೀಸರು ಹೋಗುತ್ತಾರೆ. ನೇರ ಸಂಪರ್ಕದ ವಿಳಾಸ, ಹೆಡರ್ ಬಂದ ಹಾಗೆಯೇ ಇಡೀ ಸಾಲು, ಆ್ಯಪ್ ಲೆಕ್ಕ ಹಾಕಿ ಒಪ್ಪಿಕೊಂಡ ವಿಳಾಸ, ಈ ಮೂರನ್ನೂ ಬೇರೆಬೇರೆ ಕಂಬಗಳಲ್ಲಿ ಇಡುವುದು ಒಳ್ಳೆಯದು. ಹೆಡರ್ ಸಾಲು ಬಳಕೆದಾರ ಬರೆದ ಪಠ್ಯವೇ ಆದ್ದರಿಂದ ಅದನ್ನು ಶೋಧಿಸದೆ ಡೇಟಾಬೇಸ್ ಪ್ರಶ್ನೆಯೊಳಗೆ ಅಥವಾ ಪುಟದ ಮೇಲೆ ಹಾಕಬಾರದು.

ಕಾನೂನು

ಐಪಿ ವಿಳಾಸ ವೈಯಕ್ತಿಕ ಮಾಹಿತಿಯೇ ಎಂಬ ಪ್ರಶ್ನೆಗೆ ದೇಶಕ್ಕೊಂದು ಉತ್ತರ. ಐರೋಪ್ಯ ನ್ಯಾಯಾಲಯ 2016ರ ಅಕ್ಟೋಬರ್ 19ರಂದು ಬ್ರೇಯರ್ ಪ್ರಕರಣದಲ್ಲಿ, ಸೇವಾದಾರರ ಬಳಿ ಇರುವ ಮಾಹಿತಿಯೊಂದಿಗೆ ಹೊಂದಿಸಿ ವ್ಯಕ್ತಿಯನ್ನು ಗುರುತಿಸಲು ಕಾನೂನಿನ ದಾರಿ ಇದ್ದರೆ, ಬದಲಾಗುವ ಐಪಿ ವಿಳಾಸವೂ ವೈಯಕ್ತಿಕ ಮಾಹಿತಿ ಎಂದಿತು. ಸಿಂಗಪುರದ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆ 2012ರದು. ಅದರ ಮುಖ್ಯ ವಿಧಿಗಳು 2014ರ ಜುಲೈ 2ರಂದು ಜಾರಿಗೆ ಬಂದವು. ಅಲ್ಲಿನ ಆಯೋಗದ ಮಾರ್ಗಸೂಚಿ, ಐಪಿ ಗುರುತಿಸುವುದು ಜಾಲಕ್ಕೆ ಸೇರಿದ ಒಂದು ಉಪಕರಣವನ್ನು, ಬಿಡಿಯಾಗಿ ನೋಡಿದರೆ ಅದು ವೈಯಕ್ತಿಕ ಮಾಹಿತಿ ಆಗದಿರಬಹುದು, ಬೇರೆ ವಿವರಗಳ ಜೊತೆ ಸೇರಿ ವ್ಯಕ್ತಿಯನ್ನು ತೋರಿಸಿದರೆ ಆಗುತ್ತದೆ ಎನ್ನುತ್ತದೆ. ಈ ಲೇಖನದಲ್ಲಿ ಬಂದ ಪ್ರಸಂಗಗಳ ಬೆಳಕಿನಲ್ಲಿ ಸಿಂಗಪುರದ ನಿಲುವು ವಾಸ್ತವಕ್ಕೆ ಹೆಚ್ಚು ಹತ್ತಿರ ಎನ್ನಬೇಕು. ಲಾಗಿನ್ ಇರುವ ಯಾವುದೇ ಆ್ಯಪ್‌ನಲ್ಲಿ ಐಪಿ ಹೆಸರಿನ ಪಕ್ಕದಲ್ಲೇ ಕೂತಿರುತ್ತದೆ ಎಂಬುದನ್ನು ಮಾತ್ರ ಮರೆಯುವಂತಿಲ್ಲ.

ಎಷ್ಟು ದಿನ ಇಡಬೇಕು ಎಂಬುದಕ್ಕೆ ಸಿಂಗಪುರದ ಕಾಯಿದೆ ಸಂಖ್ಯೆ ಹೇಳುವುದಿಲ್ಲ; ಸಂಗ್ರಹಿಸಿದ ಉದ್ದೇಶವೂ ಕಾನೂನಿನ ಅಗತ್ಯವೂ ತೀರಿದ ಮೇಲೆ ಇಟ್ಟುಕೊಳ್ಳಬಾರದು ಎನ್ನುತ್ತದೆ. ಭಾರತದ 2022ರ ನಿರ್ದೇಶನ ಲಾಗ್‌ಗಳಿಗೆ 180 ದಿನ ಎಂದು ಗೊತ್ತುಮಾಡಿತು, ಅವು ಭಾರತದ ವ್ಯಾಪ್ತಿಯೊಳಗೇ ಇರಬೇಕೆಂದೂ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ಪ್ರಶ್ನೋತ್ತರದಲ್ಲಿ, ಕೇಳಿದಾಗ ಸಕಾಲಕ್ಕೆ ಒದಗಿಸುವುದಾದರೆ ಲಾಗ್‌ಗಳು ದೇಶದ ಹೊರಗೂ ಇರಬಹುದು ಎಂಬ ವಿವರಣೆ ಬಂತು. ಸಿಂಗಪುರದಲ್ಲಿ ಸರ್ವರ್ ಇಟ್ಟು ಭಾರತಕ್ಕೆ ಸೇವೆ ಕೊಡುವ ಆ್ಯಪ್‌ಗಳಿಗೆ ಅನ್ವಯಿಸುವುದು ಈ ವಿವರಣೆ.